ಆರು ಜನರ ಆನ್‌ಲೈನ್ ಪೋಕರ್ ಟೇಬಲ್: ಯಾವ ಎರಡು ಎಲೆ ಆಡಬೇಕು, ಯಾವುದನ್ನು ಬಿಡಬೇಕು

ಒಂಬತ್ತು ಜನರ ಟೇಬಲ್‌ನಿಂದ ಆರು ಜನರ ಟೇಬಲ್‌ಗೆ ಬಂದವರು ಮೊದಲ ವಾರದಲ್ಲೇ ಒಂದು ಮಾತು ಕೇಳಿರುತ್ತಾರೆ: "ಇಲ್ಲಿ ಜಾಸ್ತಿ ಹ್ಯಾಂಡ್ ಆಡಬೇಕು." (ಹ್ಯಾಂಡ್ ಅಂದರೆ ಕೈಗೆ ಬರುವ ಎರಡು ಎಲೆ; ಒಂದು ಸಲ ಎಲೆ ಹಂಚಿ ಆಡಿ ಮುಗಿಸುವುದಕ್ಕೂ ಅದೇ ಹೆಸರು.) ಮಾತು ನಿಜ, ಆದರೆ ಅರ್ಧ ಮಾತ್ರ. ಯಾವ ಸೀಟಿನಲ್ಲಿ ಜಾಸ್ತಿ ಅಂತ ಯಾರೂ ಹೇಳಿರುವುದಿಲ್ಲ. ಹಾಗಾಗಿ ಎಲ್ಲ ಸೀಟಿನಿಂದಲೂ ಎಕ್ಕ-9, ರಾಜ-10, ಗುಲಾಮ-9 ಆಡುತ್ತಾರೆ. ಒಂದೇ ಸಲಕ್ಕೆ ದೊಡ್ಡದಾಗಿ ಸೋಲುವುದಿಲ್ಲ. ಚಿಪ್ಸ್ ಸೋರುವ ಕೊಡದ ನೀರಿನ ಹಾಗೆ ಖಾಲಿಯಾಗುತ್ತದೆ.

ಪ್ರಶ್ನೆಗಳ ಕ್ರಮ ತಪ್ಪಿರುವುದೇ ಇದಕ್ಕೆ ಕಾರಣ. ಎಲ್ಲರೂ ಮೊದಲು ಎಲೆ ನೋಡುತ್ತಾರೆ, ಆಮೇಲೆ ಸೀಟು ನೆನಪಾಗುತ್ತದೆ. ಇದನ್ನು ತಿರುಗಿಸಬೇಕು. ಮೊದಲು ಸೀಟು, ನಂತರ ನಮಗಿಂತ ಮುಂಚೆ ಯಾರು ಏನು ಮಾಡಿದರು ಅನ್ನುವುದು, ಕೊನೆಗೆ ಎಲೆ. ಈ ಬರಹ ಪೂರ್ತಿ ಅದೇ ಕ್ರಮದಲ್ಲಿದೆ.

## ಶುರುವಿಗೆ ಮುನ್ನ

ಕಾನೂನಿನ ಮಾತು ಮೊದಲು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಭಾರತದಲ್ಲಿ ನಿಷೇಧಿಸಿದೆ. ಕೌಶಲದ ಆಟ, ಅದೃಷ್ಟದ ಆಟ ಅನ್ನುವ ಭೇದ ಅದರಲ್ಲಿಲ್ಲ. ಹಾಗಾಗಿ ಇಲ್ಲಿರುವವರು ಉಚಿತ ಚಿಪ್ಸ್ ಟೇಬಲ್‌ನಲ್ಲಿ ಆಡಿ ಕಲಿಯಿರಿ. "ನಮ್ಮದು ವಿದೇಶಿ ಸೈಟ್, ತೊಂದರೆ ಇಲ್ಲ" ಅಂತ ಹೇಳುವವರನ್ನು ನಂಬಬೇಡಿ. ಪೋಕರ್‌ಗೆ ಅನುಮತಿ ಇರುವ ದೇಶದಲ್ಲಿ ನೆಲೆಸಿರುವ ಕನ್ನಡಿಗರು ಅಲ್ಲಿಯ ನಿಯಮ ಓದಿಕೊಳ್ಳಿ.

ಬೇಕಾದ ಸಾಮಾನು ಕಡಿಮೆ: ಒಂದು ಕಟ್ಟು ಇಸ್ಪೀಟ್ ಎಲೆ, ಚೌಕ ಗೆರೆಯ ನೋಟ್‌ಬುಕ್, ಎರಡು ಬಣ್ಣದ ಪೆನ್ನು. ಎರಡು ಹ್ಯಾಂಡ್‌ಗಳ ಗೆಲುವಿನ ಸಾಧ್ಯತೆ ಲೆಕ್ಕ ಹಾಕಿಕೊಡುವ ಉಚಿತ ಕ್ಯಾಲ್ಕುಲೇಟರ್‌ಗಳು ಇಂಟರ್ನೆಟ್‌ನಲ್ಲಿ ಸಿಗುತ್ತವೆ, ಒಂದನ್ನು ಇಟ್ಟುಕೊಳ್ಳಿ. ಆದರೆ ಅದನ್ನು ಆಟ ಮುಗಿದ ಮೇಲೆ ಮಾತ್ರ ತೆಗೆಯಿರಿ. ಆಡುವಾಗ ಅಂಥ ಸಹಾಯ ಪಡೆಯುವುದನ್ನು ಬಹುತೇಕ ಸೈಟ್‌ಗಳು ಒಪ್ಪುವುದಿಲ್ಲ.

ಇಲ್ಲಿರುವುದೆಲ್ಲ ನೋ ಲಿಮಿಟ್ ಹೋಲ್ಡೆಮ್ ಆಟಕ್ಕೆ, ಎಲ್ಲರ ಮುಂದೆ ಸುಮಾರು 100 ಬಿಗ್ ಬ್ಲೈಂಡ್ ಇದೆ ಅನ್ನುವ ಲೆಕ್ಕಕ್ಕೆ. ಈ ಆಟದಲ್ಲಿ ಪ್ರತಿಯೊಬ್ಬರ ಕೈಗೆ ಎರಡು ಎಲೆ, ಮಧ್ಯದಲ್ಲಿ ಎಲ್ಲರಿಗೂ ಸೇರಿದ ಐದು ಎಲೆ. ಬ್ಲೈಂಡ್ ಅಂದರೆ ಎಲೆ ನೋಡುವ ಮುಂಚೆ ಇಬ್ಬರು ಕಡ್ಡಾಯವಾಗಿ ಕಟ್ಟುವ ಚಿಪ್ಸ್: ಒಬ್ಬರದು ಬಿಗ್, ಇನ್ನೊಬ್ಬರದು ಅದರ ಅರ್ಧ, ಅದು ಸ್ಮಾಲ್. ಮಧ್ಯದಲ್ಲಿ ಸೇರುವ ಚಿಪ್ಸ್ ಪಾಟ್. ಎದುರಿನವರು ಹಾಕಿದಷ್ಟೇ ಹಾಕಿದರೆ ಕಾಲ್, ಅದಕ್ಕಿಂತ ಜಾಸ್ತಿ ಹಾಕಿದರೆ ರೈಸ್, ಎಲೆ ಬಿಟ್ಟರೆ ಫೋಲ್ಡ್. ಎರಡೂ ಎಲೆ ಒಂದೇ ಗುರುತಿನದಾದರೆ, ಅಂದರೆ ಎರಡೂ ಆಟೀನ್ ಅಥವಾ ಎರಡೂ ಕಳಾವರ್ ಆದರೆ, ಸೂಟೆಡ್. ಬೇರೆ ಬೇರೆ ಗುರುತಾದರೆ ಆಫ್‌ಸೂಟ್.

## ಹಂತ 1: ಎಲೆ ಮುಟ್ಟುವ ಮುಂಚೆ ಸೀಟು ಹೇಳಿಕೊಳ್ಳಿ

ಫ್ಲಾಪ್ ಅಂದರೆ ಮಧ್ಯದಲ್ಲಿ ಬೀಳುವ ಮೊದಲ ಮೂರು ಎಲೆ. ಅದಕ್ಕೆ ಮುಂಚೆ ಆಡುವ ಕ್ರಮದಲ್ಲಿ ಆರು ಸೀಟುಗಳು ಹೀಗಿವೆ: ಅಂಡರ್ ದ ಗನ್, ಹೈಜಾಕ್, ಕಟಾಫ್, ಬಟನ್ (ಡೀಲರ್ ಚಿಪ್ ಇರುವ ಸೀಟು), ಸ್ಮಾಲ್ ಬ್ಲೈಂಡ್, ಬಿಗ್ ಬ್ಲೈಂಡ್. ಫ್ಲಾಪ್ ಬಿದ್ದ ಮೇಲೆ ಕ್ರಮ ಬದಲಾಗುತ್ತದೆ. ಸ್ಮಾಲ್ ಬ್ಲೈಂಡ್ ಮೊದಲು ಮಾತಾಡಬೇಕು, ಬಟನ್ ಕೊನೆಗೆ. ಕೊನೆಗೆ ಮಾತಾಡುವವನಿಗೆ ಉಳಿದವರು ಏನು ಮಾಡಿದರು ಅನ್ನುವುದು ಮೊದಲೇ ಗೊತ್ತಿರುತ್ತದೆ. ಪೋಕರ್‌ನಲ್ಲಿ ಇದಕ್ಕಿಂತ ದೊಡ್ಡ ಅನುಕೂಲ ನನಗೆ ಗೊತ್ತಿಲ್ಲ.

ಸೀಟಿಗೆ ಯಾಕಿಷ್ಟು ಬೆಲೆ ಅಂತ ಒಂದು ಲೆಕ್ಕ ನೋಡಿ. ಮೇಲ್ಮಟ್ಟದ ಶೇ. 10 ಹ್ಯಾಂಡ್‌ಗಳನ್ನು ಒಳ್ಳೆಯ ಹ್ಯಾಂಡ್ ಅಂತ ಕರೆಯೋಣ. ಅಂಡರ್ ದ ಗನ್‌ನಲ್ಲಿ ನೀವು ರೈಸ್ ಮಾಡಿದರೆ ಇನ್ನೂ ಐದು ಜನ ಬಾಕಿ. ಅವರಲ್ಲಿ ಒಬ್ಬರಿಗಾದರೂ ಅಂಥ ಹ್ಯಾಂಡ್ ಇರುವ ಸಾಧ್ಯತೆ ಸುಮಾರು ಶೇ. 41. ಬಟನ್‌ನಲ್ಲಿ ಬಾಕಿ ಇರುವುದು ಇಬ್ಬರೇ, ಸಾಧ್ಯತೆ ಶೇ. 19ಕ್ಕೆ ಇಳಿಯುತ್ತದೆ. ನಿಮ್ಮ ಕೈಯಲ್ಲಿರುವ ಎಲೆ ಅದೇ, ಎದುರಿಗಿರುವ ಅಪಾಯ ಮಾತ್ರ ಅರ್ಧಕ್ಕಿಂತ ಕಡಿಮೆ.

ಇಲ್ಲೇ ಇನ್ನೊಂದು ವಿಷಯ ಬಿಡಿಸಿಕೊಳ್ಳಬೇಕು. ಒಂಬತ್ತು ಜನರ ಟೇಬಲ್‌ನಲ್ಲಿ ಮೊದಲ ಮೂವರು ಫೋಲ್ಡ್ ಮಾಡಿದರು ಅಂದುಕೊಳ್ಳಿ. ಉಳಿದವರು ಆರು ಜನ. ಈಗ ಮಾತಾಡುವವನ ಸ್ಥಿತಿ ಆರು ಜನರ ಟೇಬಲ್‌ನ ಅಂಡರ್ ದ ಗನ್ ಸ್ಥಿತಿಯೇ ಅಲ್ವಾ? ಅಂದರೆ ಆರು ಜನರ ಟೇಬಲ್‌ನಲ್ಲಿ ಎಲೆಗಳ ಬೆಲೆ ಏನೂ ಬದಲಾಗಿಲ್ಲ. ಶುರುವಿನ ಮೂರು ಬಿಗಿ ಸೀಟುಗಳು ಇಲ್ಲ, ಅಷ್ಟೆ. ಬಟನ್ ಅದೇ ಬಟನ್.

ಬದಲಾಗಿರುವುದು ಬ್ಲೈಂಡ್ ಬರುವ ವೇಗ. ಒಂದು ಸುತ್ತಿಗೆ ಒಂದೂವರೆ ಬಿಗ್ ಬ್ಲೈಂಡ್ ಕಟ್ಟಬೇಕು. ಎಲ್ಲವನ್ನೂ ಫೋಲ್ಡ್ ಮಾಡುತ್ತಾ ಕೂತರೆ ಒಂಬತ್ತು ಜನರ ಟೇಬಲ್‌ನಲ್ಲಿ ನೂರು ಹ್ಯಾಂಡ್‌ಗೆ ಸುಮಾರು 17 ಬಿಗ್ ಬ್ಲೈಂಡ್ ಹೋಗುತ್ತದೆ, ಆರು ಜನರಲ್ಲಿ 25. ಸುಮ್ನೆ ಕಾಯುತ್ತಾ ಕೂರಲು ಆಗುವುದಿಲ್ಲ. ಕಳೆದದ್ದನ್ನು ವಾಪಸ್ ತರಬೇಕಾದ್ದು ಮುಖ್ಯವಾಗಿ ಬಟನ್ ಮತ್ತು ಕಟಾಫ್‌ನಿಂದ. ಅಂಡರ್ ದ ಗನ್‌ನಿಂದ ಅಲ್ಲ.

ಎಚ್ಚರಿಕೆಯ ಗುರುತು: ರೈಸ್ ಒತ್ತಿದ ಮೇಲೆ "ನಾನು ಯಾವ ಸೀಟಿನಲ್ಲಿದ್ದೇನೆ?" ಅಂತ ಡೀಲರ್ ಚಿಪ್ ಹುಡುಕುತ್ತಿದ್ದರೆ, ಒಂದೇ ಸಲ ಜಾಸ್ತಿ ಟೇಬಲ್ ತೆರೆದಿದ್ದೀರಿ. ಒಂದೇ ಟೇಬಲ್‌ಗೆ ಇಳಿಯಿರಿ.

## ಹಂತ 2: ನಿಮಗಿಂತ ಮುಂಚೆ ಯಾರಾದರೂ ಪಾಟ್‌ಗೆ ಬಂದಿದ್ದಾರಾ?

ಮೂರೇ ಸಾಧ್ಯತೆ. ಎಲ್ಲರೂ ಫೋಲ್ಡ್ ಮಾಡಿದ್ದಾರೆ, ಯಾರೋ ಬರೀ ಕಾಲ್ ಮಾಡಿ ಲಿಂಪ್ ಆಗಿದ್ದಾರೆ, ಅಥವಾ ಯಾರೋ ರೈಸ್ ಮಾಡಿದ್ದಾರೆ.

ಎಲ್ಲರೂ ಫೋಲ್ಡ್ ಆಗಿದ್ದರೆ ಹಂತ 4ರ ಪಟ್ಟಿ ನೋಡಿ, ರೈಸ್ ಮಾಡಿ ಅಥವಾ ಬಿಡಿ. ಮೊದಲಿಗರಾಗಿ ಲಿಂಪ್ ಮಾಡಬೇಡಿ. ರೈಸ್ ಮಾಡಿದರೆ ಗೆಲ್ಲಲು ಎರಡು ದಾರಿ: ಎಲ್ಲರೂ ಬಿಟ್ಟುಕೊಟ್ಟರೆ ಅಲ್ಲೇ ಗೆಲುವು, ಇಲ್ಲದಿದ್ದರೆ ಎಲೆ ಕೂಡಿಬಂದಾಗ. ಲಿಂಪ್ ಮಾಡಿದರೆ ಮೊದಲ ದಾರಿ ಮುಚ್ಚಿಹೋಯಿತು.

ಯಾರೋ ಲಿಂಪ್ ಆಗಿದ್ದರೆ ಅದೇ ಪಟ್ಟಿಯನ್ನು ಸ್ವಲ್ಪ ಬಿಗಿ ಮಾಡಿ ರೈಸ್ ಮಾಡಿ. ಮಾಮೂಲಿ ಮೊತ್ತಕ್ಕೆ ಪ್ರತಿ ಲಿಂಪರ್‌ಗೆ ಒಂದು ಬಿಗ್ ಬ್ಲೈಂಡ್ ಸೇರಿಸಿ.

ಯಾರೋ ರೈಸ್ ಮಾಡಿದ್ದರೆ ಹಂತ 4ರ ಪಟ್ಟಿಯನ್ನು ಪಕ್ಕಕ್ಕಿಡಿ. ಅದು ಈ ಸಂದರ್ಭಕ್ಕೆ ಬರೆದದ್ದಲ್ಲ. "ಬಟನ್‌ನಲ್ಲಿ ಎಕ್ಕ-6 ಆಡಬಹುದು ಅಂತ ಓದಿದ್ದೆ, ಕಾಲ್ ಮಾಡಿದೆ" ಅನ್ನುವವರನ್ನು ಬಹಳ ನೋಡಿದ್ದೇನೆ. ಆಡಬಹುದು, ಆದರೆ ಬಾಗಿಲು ನೀವೇ ತೆರೆಯುವಾಗ ಮಾತ್ರ. ಇನ್ನೊಬ್ಬರು ತೆರೆದ ಮೇಲೆ ಅದು ಕಸ.

## ಹಂತ 3: ಎಲೆಯ ನಿಜವಾದ ಬೆಲೆ ಎಣಿಸಲು ಕಲಿಯಿರಿ

52 ಎಲೆಯಲ್ಲಿ ಎರಡನ್ನು 1,326 ರೀತಿಯಲ್ಲಿ ಹಂಚಬಹುದು. ಗುರುತಿನ ಹೆಸರು ಬಿಟ್ಟು ನೋಡಿದರೆ 169 ಬಗೆಯ ಹ್ಯಾಂಡ್ ಮಾತ್ರ: 13 ಜೋಡಿ, 78 ಸೂಟೆಡ್, 78 ಆಫ್‌ಸೂಟ್. ಆದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಬರುವುದಿಲ್ಲ. ಒಂದು ಜೋಡಿ 6 ರೀತಿಯಲ್ಲಿ, ಒಂದು ಸೂಟೆಡ್ ಹ್ಯಾಂಡ್ 4 ರೀತಿಯಲ್ಲಿ, ಒಂದು ಆಫ್‌ಸೂಟ್ ಹ್ಯಾಂಡ್ 12 ರೀತಿಯಲ್ಲಿ ಬರುತ್ತದೆ.

ಈ 6-4-12 ಬಾಯಿಪಾಠ ಮಾಡಿ. ಹೊಸಬರ ತೊಂದರೆಯೆಲ್ಲ ಇದರಲ್ಲಿದೆ. ಪಟ್ಟಿಗೆ ಒಂದು ಆಫ್‌ಸೂಟ್ ಹ್ಯಾಂಡ್ ಸೇರಿಸಿದರೆ ಮೂರು ಸೂಟೆಡ್ ಹ್ಯಾಂಡ್ ಸೇರಿಸಿದಷ್ಟು ಭಾರ. "ರಾಜ-9 ಒಂದೇ ತಾನೇ" ಅಂದುಕೊಂಡು ಆಫ್‌ಸೂಟ್ ಕೂಡ ಸೇರಿಸಿದರೆ ಪಟ್ಟಿ ಗೊತ್ತಾಗದ ಹಾಗೆ ಊದಿಕೊಳ್ಳುತ್ತದೆ.

ಹಾಗಂತ ಸೂಟೆಡ್ ಅಂದರೆ ಮಂತ್ರದಂಡ ಅಲ್ಲ. ಸೂಟೆಡ್ ಹ್ಯಾಂಡ್‌ಗೆ ಫ್ಲಾಪ್‌ನಲ್ಲೇ ಫ್ಲಶ್, ಅಂದರೆ ಒಂದೇ ಗುರುತಿನ ಐದು ಎಲೆ, ಬರುವುದು ನೂರಕ್ಕೆ ಒಂದಕ್ಕಿಂತ ಕಡಿಮೆ ಸಲ. ಫ್ಲಶ್‌ಗೆ ಒಂದೇ ಎಲೆ ಬಾಕಿ ಇರುವ ಸ್ಥಿತಿ ಸುಮಾರು ಶೇ. 11. ಗುಲಾಮ-3 ಸೂಟೆಡ್ ಅನ್ನು ಶುರುವಿನ ಸೀಟಿನಲ್ಲಿ ಆಡಲು ಇದು ಸಾಲದು.

ಇನ್ನು ಎಕ್ಕದ ಮೋಹ. ಎಕ್ಕ-9 ಆಫ್‌ಸೂಟ್ ಇಟ್ಟುಕೊಂಡು ಎಕ್ಕ-ರಾಣಿ ಎದುರು ನಿಂತರೆ ನಾಲ್ಕು ಸಲಕ್ಕೆ ಸುಮಾರು ಒಂದು ಸಲ ಗೆಲ್ಲುತ್ತೀರಿ. ಅದೇ 7-6 ಸೂಟೆಡ್ ಇಟ್ಟುಕೊಂಡು ಎಕ್ಕ-ರಾಜ ಎದುರು ನಿಂತರೆ ಹತ್ತರಲ್ಲಿ ಸುಮಾರು ನಾಲ್ಕು ಸಲ. ಕ್ಯಾಲ್ಕುಲೇಟರ್‌ನಲ್ಲಿ ಹಾಕಿ ನೋಡಿ, ನಂಬಿಕೆ ಬರುತ್ತದೆ. ಎಕ್ಕ ಬಂದಾಗ ಇಬ್ಬರಿಗೂ ಬರುತ್ತದೆ, ಗೆಲ್ಲುವುದು ಪಕ್ಕದ ದೊಡ್ಡ ಎಲೆ. ಶುರುವಿನ ಸೀಟಿನಿಂದ ರೈಸ್ ಮಾಡಿದಾಗ ನಿಮ್ಮನ್ನು ಕಾಲ್ ಮಾಡುವವರ ಬಳಿ ಇರುವುದು ಬಹುತೇಕ ಇಂಥ ದೊಡ್ಡ ಎಕ್ಕಗಳೇ.

## ಹಂತ 4: ಮೊದಲಿಗರಾಗಿ ರೈಸ್ ಮಾಡುವ ಪಟ್ಟಿ

ನೋಟ್‌ಬುಕ್‌ನಲ್ಲಿ ಅಡ್ಡ 13, ಉದ್ದ 13 ಚೌಕ ಹಾಕಿ. ಕರ್ಣದಲ್ಲಿ ಜೋಡಿಗಳು, ಮೇಲಿನ ಅರ್ಧದಲ್ಲಿ ಸೂಟೆಡ್, ಕೆಳಗಿನ ಅರ್ಧದಲ್ಲಿ ಆಫ್‌ಸೂಟ್. ಒಂದೊಂದು ಸೀಟಿಗೆ ಒಂದು ಪುಟ. ಮುದ್ರಿತ ಚಾರ್ಟ್ ಡೌನ್‌ಲೋಡ್ ಮಾಡಬೇಡಿ, ಕೈಯಾರೆ ಬಣ್ಣ ತುಂಬಿ. ನೆನಪು ಹಾಗೆಯೇ ಕೂರುತ್ತದೆ.

ಇದು ನಾನು ಹೊಸಬರಿಗೆ ಕೊಡುವ ಪಟ್ಟಿ. ಪಳಗಿದವರು ಅಂಡರ್ ದ ಗನ್‌ನಲ್ಲಿ ಇದಕ್ಕಿಂತ ಸ್ವಲ್ಪ ಜಾಸ್ತಿ ಆಡುತ್ತಾರೆ. ಕಲಿಯುವಾಗ ಬಿಗಿ ಇರುವುದೇ ಒಳ್ಳೆಯದು. ರೈಸ್ ಮೊತ್ತ ಎರಡೂವರೆ ಬಿಗ್ ಬ್ಲೈಂಡ್, ಎಲೆ ಯಾವುದೇ ಇರಲಿ ಅಷ್ಟೇ. ಒಳ್ಳೆಯ ಎಲೆಗೆ ನಾಲ್ಕು, ಸಾಧಾರಣಕ್ಕೆ ಎರಡು ಅಂತ ಮಾಡಿದರೆ ಎದುರಿನವರಿಗೆ ನೀವೇ ಎಲೆ ತೋರಿಸಿದ ಹಾಗೆ.

1. ಅಂಡರ್ ದ ಗನ್, ಸುಮಾರು ಶೇ. 14. ಜೋಡಿ 5-5 ಮತ್ತು ಮೇಲೆ. ಸೂಟೆಡ್‌ನಲ್ಲಿ ಎಲ್ಲ ಎಕ್ಕಗಳು, ರಾಜ-ರಾಣಿ, ರಾಜ-ಗುಲಾಮ, ರಾಜ-10, ರಾಣಿ-ಗುಲಾಮ, ರಾಣಿ-10, ಗುಲಾಮ-10, 10-9. ಆಫ್‌ಸೂಟ್‌ನಲ್ಲಿ ನಾಲ್ಕೇ: ಎಕ್ಕ-ರಾಜ, ಎಕ್ಕ-ರಾಣಿ, ಎಕ್ಕ-ಗುಲಾಮ, ರಾಜ-ರಾಣಿ.

2. ಹೈಜಾಕ್, ಸುಮಾರು ಶೇ. 18. ಮೇಲಿನದ್ದರ ಜೊತೆಗೆ 4-4, 3-3. ಸೂಟೆಡ್‌ನಲ್ಲಿ ರಾಜ-9, ರಾಣಿ-9, ಗುಲಾಮ-9, 9-8, 8-7. ಆಫ್‌ಸೂಟ್‌ನಲ್ಲಿ ಎಕ್ಕ-10, ರಾಜ-ಗುಲಾಮ.

3. ಕಟಾಫ್, ಸುಮಾರು ಶೇ. 26. ಇನ್ನೂ ಸೇರಿಸಿ: 2-2. ಸೂಟೆಡ್‌ನಲ್ಲಿ ರಾಜ-8ರಿಂದ ರಾಜ-5ರವರೆಗೆ, ರಾಣಿ-8, ಗುಲಾಮ-8, 10-8, 9-7, 7-6, 6-5. ಆಫ್‌ಸೂಟ್‌ನಲ್ಲಿ ಎಕ್ಕ-9, ರಾಜ-10, ರಾಣಿ-ಗುಲಾಮ, ರಾಣಿ-10, ಗುಲಾಮ-10.

4. ಬಟನ್, ಸುಮಾರು ಶೇ. 44. ಇಲ್ಲಿ ಬಾಗಿಲು ಅಗಲ ತೆರೆಯುತ್ತದೆ. ಸೂಟೆಡ್‌ನಲ್ಲಿ ಎಲ್ಲ ರಾಜ, ಎಲ್ಲ ರಾಣಿ, ಗುಲಾಮ-6ರಿಂದ ಮೇಲೆ, 10-6ರಿಂದ ಮೇಲೆ, 9-6, 8-6, 8-5, 7-5, 6-4, 5-4. ಆಫ್‌ಸೂಟ್‌ನಲ್ಲಿ ಎಲ್ಲ ಎಕ್ಕಗಳು, ರಾಜ-9, ರಾಜ-8, ರಾಣಿ-9, ಗುಲಾಮ-9, 10-9, 9-8.

5. ಸ್ಮಾಲ್ ಬ್ಲೈಂಡ್. ಕಟಾಫ್ ಪಟ್ಟಿಯನ್ನೇ ಬಳಸಿ, ಮೊತ್ತ ಮೂರು ಬಿಗ್ ಬ್ಲೈಂಡ್. ಎದುರಿಗೆ ಒಬ್ಬರೇ ಇದ್ದರೂ ಫ್ಲಾಪ್ ನಂತರ ಪ್ರತಿ ಸಲ ಮೊದಲು ಮಾತಾಡುವವರು ನೀವು. ಅದಕ್ಕೇ ಬಟನ್‌ನಷ್ಟು ಅಗಲ ಬೇಡ.

ಬಟನ್‌ನಿಂದ 5-4 ಸೂಟೆಡ್ ರೈಸ್ ಮಾಡಲು ಧೈರ್ಯ ಬರುವುದಿಲ್ಲ ಅನ್ನುವವರಿಗೆ ಒಂದು ಲೆಕ್ಕ. ಎರಡೂವರೆ ಹಾಕಿ ಒಂದೂವರೆ ಗೆಲ್ಲಲು ಹೊರಟಿದ್ದೀರಿ. ಎದುರಿನ ಇಬ್ಬರೂ ಒಟ್ಟಿಗೆ ಶೇ. 62.5ಕ್ಕಿಂತ ಜಾಸ್ತಿ ಸಲ ಬಿಟ್ಟರೆ ಎಲೆ ನೋಡದೆಯೂ ಲಾಭ. ಅಷ್ಟು ಬಿಡದಿದ್ದರೂ ಫ್ಲಾಪ್ ನೋಡಿ ಗೆಲ್ಲುವ ಸಾಧ್ಯತೆ ಇದ್ದೇ ಇದೆ, ಅದೂ ಕೊನೆಗೆ ಮಾತಾಡುವ ಸೀಟಿನಲ್ಲಿ.

ಉಚಿತ ಚಿಪ್ಸ್ ಟೇಬಲ್‌ನಲ್ಲಿ ಈ ಲೆಕ್ಕ ಕೈಕೊಡುತ್ತದೆ. ಅಲ್ಲಿ ಯಾರೂ ಬಿಡುವುದೇ ಇಲ್ಲ, ಮೂವರು ನಾಲ್ವರು ಕಾಲ್ ಮಾಡುತ್ತಾರೆ. ಎಕ್ಕದ ಜೋಡಿ ಕೂಡ ಒಬ್ಬರ ಎದುರು ಶೇ. 85 ಗೆದ್ದರೆ, ಗೊತ್ತುಗುರಿಯಿಲ್ಲದ ಐದು ಹ್ಯಾಂಡ್‌ಗಳ ಎದುರು ಹೆಚ್ಚುಕಡಿಮೆ ಅರ್ಧ ಸಲ ಮಾತ್ರ ಗೆಲ್ಲುತ್ತದೆ. ಅಂಥ ಟೇಬಲ್‌ನಲ್ಲಿ ಬಟನ್ ಪಟ್ಟಿಯ ಕೊನೆಯ ಸಾಲುಗಳನ್ನು ಬಿಡಿ: 8-5, 6-4, ಚಿಕ್ಕ ಆಫ್‌ಸೂಟ್ ಎಕ್ಕಗಳು. ದೊಡ್ಡ ಎಲೆ ಬಂದಾಗ ಮೊತ್ತ ನಾಲ್ಕು, ಐದಕ್ಕೆ ಏರಿಸಿ. ಅಲ್ಲಿ ನಿಮ್ಮ ಮೊತ್ತ ಗಮನಿಸುವವರು ವಿರಳ, ಹಾಗಾಗಿ ಮೇಲೆ ಹೇಳಿದ ನಿಯಮ ಇಲ್ಲಿ ಸಡಿಲಿಸಬಹುದು.

## ಹಂತ 5: ನಿಮಗಿಂತ ಮುಂಚಿನವರು ರೈಸ್ ಮಾಡಿದ ಮೇಲೆ

ಬಹುತೇಕ ಜನ ಸೋಲುವುದು ಇಲ್ಲಿ. ತೀನ್ ಪತ್ತಿ ಆಡಿ ಬೆಳೆದವರಿಗೆ ಪ್ಯಾಕ್ ಆಗುವುದೆಂದರೆ ಸೋತಂತೆ. ರಮ್ಮಿ ಆಡಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಮೊದಲೇ ಡ್ರಾಪ್ ಆದರೆ 20 ಪಾಯಿಂಟ್, ಮಧ್ಯದಲ್ಲಿ ಡ್ರಾಪ್ ಆದರೆ 40. ಕೆಟ್ಟ ಎಲೆ ಬಿಡುವ ಅಗ್ಗದ ಸಮಯ ಶುರುವಿನಲ್ಲೇ.

ಮೊದಲು ಕೇಳಿಕೊಳ್ಳಬೇಕಾದ್ದು, ರೈಸ್ ಮಾಡಿದವರು ಯಾವ ಸೀಟು? ಅಂಡರ್ ದ ಗನ್‌ನವರು ಶೇ. 14 ಇಟ್ಟುಕೊಂಡು ಬಂದಿದ್ದಾರೆ, ಬಟನ್‌ನವರು ಶೇ. 44. ಒಂದೇ ಎಕ್ಕ-ಗುಲಾಮ ಆಫ್‌ಸೂಟ್ ಮೊದಲನೆಯವರ ಎದುರು ಫೋಲ್ಡ್, ಎರಡನೆಯವರ ಎದುರು ಗಟ್ಟಿ ಹ್ಯಾಂಡ್.

ಅಂಡರ್ ದ ಗನ್ ರೈಸ್ ಎದುರು ಮತ್ತೆ ರೈಸ್ ಮಾಡಲು ರಾಣಿ ಜೋಡಿ ಮತ್ತು ಮೇಲೆ, ಎಕ್ಕ-ರಾಜ. ಆಗಾಗ ಎಕ್ಕ-5 ಸೂಟೆಡ್ ಸೇರಿಸಬಹುದು. ಅದರಲ್ಲಿರುವ ಒಂದು ಎಕ್ಕ, ಎದುರಿನವರಿಗೆ ಎಕ್ಕದ ಜೋಡಿ ಬರುವ 6 ದಾರಿಗಳನ್ನು 3ಕ್ಕೆ, ಎಕ್ಕ-ರಾಜದ 16 ದಾರಿಗಳನ್ನು 12ಕ್ಕೆ ಇಳಿಸುತ್ತದೆ. ಬಟನ್ ರೈಸ್ ಎದುರು ಇದನ್ನು ಹಿಗ್ಗಿಸಿ: 10ರ ಜೋಡಿಯಿಂದ ಮೇಲೆ, ಎಕ್ಕ-ರಾಜ, ಎಕ್ಕ-ರಾಣಿ, ಸೂಟೆಡ್ ಎಕ್ಕ-ಗುಲಾಮ, ಸೂಟೆಡ್ ರಾಜ-ರಾಣಿ, ಸೂಟೆಡ್ ಎಕ್ಕ-5, ಎಕ್ಕ-4. ಮೊತ್ತ, ಫ್ಲಾಪ್ ನಂತರ ನೀವು ಕೊನೆಗೆ ಮಾತಾಡುವುದಾದರೆ ಅವರ ರೈಸ್‌ನ ಮೂರು ಪಟ್ಟು, ಮೊದಲು ಮಾತಾಡಬೇಕಾದರೆ ನಾಲ್ಕು ಪಟ್ಟು.

ಬರೀ ಕಾಲ್ ಮಾಡುವುದು ಮುಖ್ಯವಾಗಿ ಬಟನ್‌ನಿಂದ: ಮಧ್ಯಮ ಜೋಡಿಗಳು, ಸೂಟೆಡ್ ದೊಡ್ಡ ಎಲೆಗಳು. ಸ್ಮಾಲ್ ಬ್ಲೈಂಡ್‌ನಿಂದ ಕಾಲ್ ಮಾಡುವ ಅಭ್ಯಾಸವನ್ನೇ ಬಿಟ್ಟುಬಿಡಿ. ಹಿಂದೆ ಬಿಗ್ ಬ್ಲೈಂಡ್ ಮತ್ತೆ ರೈಸ್ ಮಾಡಬಹುದು, ಫ್ಲಾಪ್ ನಂತರ ಮೊದಲ ಮಾತು ನಿಮ್ಮದು. ಸೀಟೂ ಕೆಟ್ಟದ್ದು, ಬೆಲೆಯೂ ಕೆಟ್ಟದ್ದು. ಅಲ್ಲಿಂದ ಮತ್ತೆ ರೈಸ್ ಅಥವಾ ಫೋಲ್ಡ್.

ಚಿಕ್ಕ ಜೋಡಿಗಳಿಗೆ ಬೇರೆ ನಿಯಮ. ಫ್ಲಾಪ್‌ನಲ್ಲಿ ಮೂರನೆಯ ಎಲೆ ಬರುವುದು ಎಂಟೂವರೆ ಸಲಕ್ಕೆ ಒಮ್ಮೆ. ಬಂದಾಗಲೂ ಪ್ರತಿ ಸಲ ಎದುರಿನವರು ದೊಡ್ಡದಾಗಿ ಕೊಡುವುದಿಲ್ಲ. ಆದ್ದರಿಂದ ಕಾಲ್ ಮಾಡುವ ಮೊತ್ತದ ಕನಿಷ್ಠ 15 ಪಟ್ಟು ಇಬ್ಬರ ಮುಂದೆಯೂ ಇರಬೇಕು. ಎದುರಿನವರ ಬಳಿ 25 ಬಿಗ್ ಬ್ಲೈಂಡ್ ಮಾತ್ರ ಉಳಿದಿದ್ದರೆ 3-3 ಇಟ್ಟುಕೊಂಡು ಎರಡೂವರೆ ಕೊಡಬೇಡಿ.

## ಹಂತ 6: ಬಿಗ್ ಬ್ಲೈಂಡ್ ಕಾಯುವುದು

ಬಟನ್‌ನವರು ಎರಡೂವರೆಗೆ ರೈಸ್ ಮಾಡಿ ಸ್ಮಾಲ್ ಬ್ಲೈಂಡ್ ಬಿಟ್ಟರೆ ಪಾಟ್‌ನಲ್ಲಿ ನಾಲ್ಕು ಇದೆ, ನೀವು ಹಾಕಬೇಕಾದ್ದು ಒಂದೂವರೆ. ಅಂದರೆ ಶೇ. 27 ಗೆಲುವು ಸಾಕು. ಎರಡಕ್ಕೆ ರೈಸ್ ಮಾಡಿದ್ದರೆ ಶೇ. 22, ಮೂರಕ್ಕಾದರೆ ಶೇ. 31. ಹೀಗಾಗಿ ಇಲ್ಲಿ ಬೇರೆಲ್ಲ ಸೀಟಿಗಿಂತ ಜಾಸ್ತಿ ಕಾಲ್ ಮಾಡಬಹುದು.

ಆದರೆ ಕ್ಯಾಲ್ಕುಲೇಟರ್ ತೋರಿಸುವ ಶೇ. 30 ಪೂರ್ತಿ ಕೈಗೆ ಬರುವುದಿಲ್ಲ. ಜೋಡಿ ಅಲ್ಲದ ಎರಡು ಎಲೆಗೆ ಫ್ಲಾಪ್‌ನಲ್ಲಿ ಜೋಡಿ ಅಥವಾ ಅದಕ್ಕಿಂತ ಒಳ್ಳೆಯದು ಸಿಗುವುದು ಮೂರು ಸಲಕ್ಕೆ ಸುಮಾರು ಒಮ್ಮೆ. ಉಳಿದ ಸಲ ಮೊದಲು ಮಾತಾಡಬೇಕಾದ ನೀವು ಬಿಟ್ಟುಕೊಡುತ್ತೀರಿ. ಅದಕ್ಕಾಗಿ ಫ್ಲಾಪ್ ಜೊತೆ ಹೊಂದಿಕೊಳ್ಳುವ ಎಲೆಗಳನ್ನು ಆರಿಸಿ. ಬಟನ್ ಎದುರು 8-6 ಸೂಟೆಡ್, ರಾಣಿ-10 ಆಫ್‌ಸೂಟ್ ಕಾಲ್. ರಾಜ-3, 9-4 ಆಫ್‌ಸೂಟ್ ಫೋಲ್ಡ್. ಅಂಡರ್ ದ ಗನ್ ಎದುರು ಆಫ್‌ಸೂಟ್ ದೊಡ್ಡ ಎಲೆಗಳನ್ನೂ ಬಹುಪಾಲು ಬಿಡಿ.

"ನನ್ನ ಬ್ಲೈಂಡ್ ಆಗಲೇ ಹಾಕಿದ್ದೇನಲ್ಲ" ಅನ್ನುವ ಯೋಚನೆ ಬಂದರೆ ಎಚ್ಚರ. ಹಾಕಿದ್ದು ಈಗ ಪಾಟ್‌ನದ್ದು, ನಿಮ್ಮದಲ್ಲ.

## ಹಂತ 7: ಟೇಬಲ್ ಖಾಲಿಯಾದಾಗ

ಯಾರೋ ಎದ್ದು ಹೋಗಿ ಐದೇ ಜನ ಉಳಿದರೆ ಗಾಬರಿ ಬೇಡ, ಹೊಸ ಪಟ್ಟಿಯೂ ಬೇಡ. ನೋಟ್‌ಬುಕ್‌ನ ಮೊದಲ ಸೀಟಿನ ಪುಟ ಬಿಟ್ಟುಬಿಡಿ, ಅಷ್ಟೆ. ಐದು ಜನರಲ್ಲಿ ಮೊದಲು ಮಾತಾಡುವವರಿಗೆ ಹೈಜಾಕ್ ಪಟ್ಟಿ, ನಾಲ್ವರಲ್ಲಿ ಕಟಾಫ್ ಪಟ್ಟಿ, ಮೂವರಲ್ಲಿ ಬಟನ್ ಪಟ್ಟಿ. ಇಬ್ಬರೇ ಉಳಿದರೆ ಬಟನ್‌ನವರೇ ಸ್ಮಾಲ್ ಬ್ಲೈಂಡ್ ಕಟ್ಟುತ್ತಾರೆ, ಅದು ಬೇರೆಯೇ ಆಟ. ಕಲಿಯುವವರು ಅಲ್ಲಿ ಎದ್ದುಬಿಡಿ.

## ಹಂತ 8: ಅಭ್ಯಾಸ ಮತ್ತು ತಪಾಸಣೆ

ದಿನಕ್ಕೆ ಹತ್ತು ನಿಮಿಷ ಎಲೆ ಕಲಸಿ, ಎರಡೆರಡು ತಿರುಗಿಸಿ. ತಿರುಗಿಸುವ ಮುಂಚೆ ಸೀಟಿನ ಹೆಸರು ಜೋರಾಗಿ ಹೇಳಿ, ನಂತರ ರೈಸ್ ಅಥವಾ ಫೋಲ್ಡ್ ಅನ್ನಿ, ನೋಟ್‌ಬುಕ್ ನೋಡಿ ಸರಿ ಮಾಡಿಕೊಳ್ಳಿ. ತಪ್ಪಾದ ಚೌಕಕ್ಕೆ ಎರಡನೆಯ ಬಣ್ಣದಲ್ಲಿ ಚುಕ್ಕೆ ಇಡಿ. ನನ್ನ ಹಳೆಯ ನೋಟ್‌ಬುಕ್‌ನಲ್ಲಿ ಅತಿ ಹೆಚ್ಚು ಚುಕ್ಕೆ ಬಿದ್ದಿರುವುದು ಹೈಜಾಕ್ ಪುಟದ ಎಕ್ಕ-9 ಆಫ್‌ಸೂಟ್ ಮೇಲೆ. ತಿಂಗಳುಗಟ್ಟಲೆ ಅದನ್ನು ಬಿಡಲು ಮನಸ್ಸು ಬರಲಿಲ್ಲ.

ಸುಮಾರು 500 ಹ್ಯಾಂಡ್ ಆಡಿದ ಮೇಲೆ ಎರಡು ಸಂಖ್ಯೆ ನೋಡಿ. ಬಲವಂತದ ಬ್ಲೈಂಡ್ ಬಿಟ್ಟು, ಸ್ವಂತ ಇಷ್ಟದಿಂದ ಪಾಟ್‌ಗೆ ಚಿಪ್ಸ್ ಹಾಕಿದ್ದು ಎಷ್ಟು ಶೇಕಡಾ ಅನ್ನುವುದು ಒಂದು. ಫ್ಲಾಪ್‌ಗೆ ಮುಂಚೆ ರೈಸ್ ಮಾಡಿದ್ದು ಎಷ್ಟು ಅನ್ನುವುದು ಇನ್ನೊಂದು. ಈ ಬರಹದ ಪಟ್ಟಿ ಹಿಡಿದು ಆಡಿದರೆ ಮೊದಲನೆಯದು 20ರಿಂದ 27ರ ಒಳಗೆ, ಎರಡನೆಯದು ಅದಕ್ಕಿಂತ ನಾಲ್ಕೈದು ಕಡಿಮೆ ಬರಬೇಕು. ಅಂತರ ಹತ್ತು ದಾಟಿದರೆ ಹಂತ 5ಕ್ಕೆ ವಾಪಸ್ ಹೋಗಿ, ಕಾಲ್ ಜಾಸ್ತಿಯಾಗಿದೆ. ಚಿಪ್ಸ್ ಎಷ್ಟು ಗೆದ್ದಿರಿ ಅನ್ನುವುದನ್ನು ಈಗಲೇ ನೋಡಬೇಡಿ. ಅದಕ್ಕೆ 500 ಹ್ಯಾಂಡ್ ಏನೂ ಸಾಲದು.

ಸೀಟುವಾರು ಲೆಕ್ಕ ಸಿಕ್ಕರೆ ಮೊದಲು ಅಂಡರ್ ದ ಗನ್ ಸಾಲು ನೋಡಿ. ಬಟನ್ ಸಂಖ್ಯೆ ಅದರ ಮೂರು ಪಟ್ಟು ಹತ್ತಿರ ಇರಬೇಕು. ಎರಡೂ ಒಂದೇ ಥರ ಇದ್ದರೆ ಇನ್ನೂ ಎಲೆಯನ್ನೇ ಮೊದಲು ನೋಡುತ್ತಿದ್ದೀರಿ ಅಂತ ಅರ್ಥ. ಹಾಗಿದ್ದರೆ ಒಂದು ವಾರ ಸ್ಕ್ರೀನ್‌ನಲ್ಲಿ ನಿಮ್ಮ ಎಲೆ ಕಾಣುವ ಜಾಗಕ್ಕೆ ಚೂರು ಕಾಗದ ಅಂಟಿಸಿ, ನಿಮ್ಮ ಸರದಿ ಬಂದು ಸೀಟು ಹೇಳಿಕೊಂಡ ಮೇಲೆ ಮಾತ್ರ ಅದನ್ನು ಎತ್ತಿ ನೋಡಿ.